‘ಆಂಟಿ, ಸುಮ್ನೆ ನಾಲ್ಕು ಹಾಕ್ಲಾ?’

ಸಂಪಾದಕರೇ, ನಮಸ್ಕಾರ.

ನಾಗರಬಾವಿಯಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಸುತ್ತಮುತ್ತ ಕಾಲೇಜುಗಳು ಜಾಸ್ತಿ, ಜ್ಞಾನಭಾರತಿ ಕ್ಯಾಂಪಸ್ಸೂ ದೂರ ಇಲ್ಲ. ಪ್ರಾಜೆಕ್ಟ್ ಕಾಲ ಬಂತು ಅಂದ್ರೆ ಗಿರಾಕಿಗಳ ಜೊತೆಗೆ ಸರ್ವೆ ಮಾಡುವ ಎಂಬಿಎ, ಎಂ.ಕಾಂ. ಮಕ್ಕಳೂ ಸಾಲಾಗಿ ಬರುತ್ತಾರೆ. ನಾನೂ ಎಂ.ಕಾಂ. ಓದಿದವಳೇ, ಯಾರನ್ನೂ ವಾಪಸ್ ಕಳಿಸುವುದಿಲ್ಲ. ಆದರೆ ಕಳೆದ ವಾರ ನಡೆದದ್ದನ್ನು ನೋಡಿದ ಮೇಲೆ ಬರೆಯದೆ ಇರೋಕೆ ಆಗಲಿಲ್ಲ.

ಸಂಜೆ ಏಳರ ಹೊತ್ತು, ಅಂಗಡಿ ತುಂಬಾ ಜನ. ಒಂದು ಹುಡುಗಿ ಮೊಬೈಲ್ ಹಿಡಿದು ಬಂದಳು. ‘ಆಂಟಿ, ಎರಡೇ ನಿಮಿಷ.’ ಸಣ್ಣ ವ್ಯಾಪಾರಿಗಳು ಯುಪಿಐ ಹೇಗೆ ಬಳಸುತ್ತಾರೆ ಅನ್ನುವುದು ಅವಳ ವಿಷಯ. ಗೂಗಲ್ ಫಾರ್ಮ್ ಪೂರ್ತಿ ಇಂಗ್ಲಿಷಿನಲ್ಲಿತ್ತು, ಅವಳು ನಿಂತಲ್ಲೇ ಕನ್ನಡ ಮಾಡಿಕೊಂಡು ಕೇಳುತ್ತಿದ್ದಳು. ‘ಯುಪಿಐನ ವೇಗ ಮತ್ತು ಸುರಕ್ಷತೆ ನಿಮಗೆ ತೃಪ್ತಿ ತಂದಿದೆಯಾ? ಒಂದರಿಂದ ಐದರೊಳಗೆ ಹೇಳಿ.’ ವೇಗಕ್ಕೆ ಐದು, ಸುರಕ್ಷತೆಗೆ ಎರಡು ಅಂದೆ. ‘ಹಂಗೆ ಆಗಲ್ಲ ಆಂಟಿ, ಒಂದೇ ನಂಬರ್ ತಗೊಳ್ಳುತ್ತೆ.’ ಅಷ್ಟರಲ್ಲಿ ಯಾರೋ ಅರ್ಧ ಲೀಟರ್ ಎಣ್ಣೆ ಕೇಳಿದರು. ಕೊಟ್ಟು ತಿರುಗುವಷ್ಟರಲ್ಲಿ ‘ಆಂಟಿ, ಸುಮ್ನೆ ನಾಲ್ಕು ಹಾಕ್ಲಾ?’ ಅಂದಳು, ಹಾಕಿಯೂ ಬಿಟ್ಟಳು. ಐದು ಎರಡು ಕೂಡಿಸಿ ಅರ್ಧ ಮಾಡಿದರೆ ಮೂರೂವರೆ, ಸ್ವಲ್ಪ ಮೇಲಕ್ಕೆ ಎತ್ತಿದರೆ ನಾಲ್ಕು. ಲೆಕ್ಕ ಸರಿಯಾಗೇ ಇದೆ ಅನ್ನಿ!

ಅವಳನ್ನು ಬೈಯೋಕೆ ಬರೆಯುತ್ತಿಲ್ಲ. ನಾನು ಮಾಡಿದ್ದು ಇದಕ್ಕಿಂತ ಕೆಟ್ಟದ್ದು. ನಮ್ಮ ಕಾಲದಲ್ಲಿ ಗೂಗಲ್ ಫಾರ್ಮ್ ಇರಲಿಲ್ಲ, ಜೆರಾಕ್ಸ್ ಹಾಳೆ. ನೂರು ಜನರನ್ನು ಕೇಳಬೇಕಿತ್ತು, ಎಪ್ಪತ್ತಕ್ಕೆ ಸುಸ್ತಾಯಿತು. ಉಳಿದ ಮೂವತ್ತನ್ನು ಹಾಸ್ಟೆಲ್ ಮಂಚದ ಮೇಲೆ ಕೂತು, ಒಂದಕ್ಕೆ ನೀಲಿ ಪೆನ್ನು ಇನ್ನೊಂದಕ್ಕೆ ಕಪ್ಪು ಪೆನ್ನು ಹಿಡಿದು, ಎಡಗೈಯಲ್ಲೂ ನಾಲ್ಕೈದು ತುಂಬಿಸಿದೆ. ವೈವಾದಲ್ಲಿ ಅದರ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಬೈಂಡಿಂಗ್ ಚೆನ್ನಾಗಿದೆ ಅಂದರು. ರಿಸರ್ಚ್ ಮೆಥಡಾಲಜಿ ಪೇಪರಿನಲ್ಲಿ ನನಗೆ ಒಳ್ಳೆಯ ಮಾರ್ಕ್ಸೇ ಬಂದಿತ್ತು, ಅದೇ ತಮಾಷೆ. ಪೈಲಟ್ ಸ್ಟಡಿ, ಅಂದರೆ ಪ್ರಶ್ನೆಗಳನ್ನು ಮೊದಲು ನಾಲ್ಕಾರು ಜನರ ಮೇಲೆ ಪರೀಕ್ಷಿಸಿ ನೋಡುವುದು, ಅದರ ಬಗ್ಗೆ ಎರಡು ಪುಟ ಬರೆದವಳು ನಾನು, ಒಂದು ಸಲವೂ ಮಾಡಿರಲಿಲ್ಲ. ಈ ಹುಡುಗಿಯೂ ಮಾಡಿರಲಿಲ್ಲ. ಐದಾರು ಅಂಗಡಿಗೆ ಮೊದಲೇ ಹೋಗಿ ಕೇಳಿ ನೋಡಿದ್ದರೆ, ವೇಗ ಬೇರೆ ಸುರಕ್ಷತೆ ಬೇರೆ ಅಂತ ಮೊದಲ ದಿನವೇ ಗೊತ್ತಾಗುತ್ತಿತ್ತು.

ಅವಳ ಫಾರ್ಮಿನ ಮೊದಲ ಪ್ರಶ್ನೆ ಏನು ಗೊತ್ತಾ? ‘ನಿಮ್ಮ ದಿನದ ವಹಿವಾಟು ಎಷ್ಟು?’ 2025ರ ಜುಲೈ ನೆನಪು ಮಾಡಿಕೊಳ್ಳಿ. ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬರತೊಡಗಿ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನುವ ಚೀಟಿ ಅಂಟಿಸಿದ್ದರು. ವರ್ಷಕ್ಕೆ ಸರಕು ವ್ಯಾಪಾರ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಸೇವೆಯಾದರೆ 20 ಲಕ್ಷ. ಇದೆಲ್ಲ ಈಗ ನಮ್ಮ ಪಕ್ಕದ ಎಳನೀರಿನವರ ಬಾಯಲ್ಲೂ ಇದೆ. ಅಂಥ ಊರಿನಲ್ಲಿ ಮುಖ ಪರಿಚಯ ಇಲ್ಲದವರು ಬಂದು, ಹೆಸರು ಹೇಳುವ ಮೊದಲೇ ವಹಿವಾಟು ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ? ನಾನೂ ಅರ್ಧ ಮಾಡಿಯೇ ಹೇಳಿದೆ, ಮುಚ್ಚಿಡುವುದೇನು. ಇಂಥ ಪ್ರಶ್ನೆ ಕೊನೆಗೆ ಬರಬೇಕು, ಯಾಕೆ ಕೇಳುತ್ತಿದ್ದೀವಿ, ಬರೆದುಕೊಂಡದ್ದು ಯಾರ ಕೈಗೆ ಹೋಗುತ್ತೆ ಅಂತ ಹೇಳಿದ ಮೇಲೆ ಬರಬೇಕು. ಇದು ಪುಸ್ತಕದಲ್ಲೂ ಇದೆ.

ಆಮೇಲೆ ಈ 384. ಬರುವ ಮಕ್ಕಳೆಲ್ಲ ಈ ಸಂಖ್ಯೆಯನ್ನು ಮಂತ್ರದ ಹಾಗೆ ಹೇಳುತ್ತಾರೆ. 1970ರಲ್ಲಿ ಕ್ರೆಜ್ಸಿ, ಮಾರ್ಗನ್ ಅನ್ನುವ ಇಬ್ಬರು ಮಾಡಿದ ಟೇಬಲ್ ಇದೆ, ಅದರ ಪ್ರಕಾರ ಜನ ಹತ್ತು ಲಕ್ಷ ಇದ್ದರೂ 384 ಮಂದಿಯನ್ನು ಕೇಳಿದರೆ ಸಾಕು, ಶೇ 5ರಷ್ಟು ಆಚೀಚೆ ಆಗಬಹುದು ಅಷ್ಟೇ. ಲೆಕ್ಕ ಸುಳ್ಳಲ್ಲ. ಆದರೆ ಅದು ಚೀಟಿ ಎತ್ತಿದ ಹಾಗೆ ಆರಿಸಿದಾಗ ಮಾತ್ರ. ಚೀಟಿ ನಡೆಸುವವರು ಡಬ್ಬಿಗೆ ತಮ್ಮ ನೆಂಟರ ಹೆಸರು ಮಾತ್ರ ಹಾಕಿ ಎತ್ತಿದರೆ ನಾವು ಸುಮ್ನೆ ಬಿಡ್ತೀವಾ? ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಲಿಂಕ್ ಹಾಕಿ, ‘ಪ್ಲೀಸ್ ಫಿಲ್ ಮಾಡಿ’ ಅಂತ ಅಂಗಲಾಚಿ 384 ತುಂಬಿಸಿದರೆ ಆಗುವುದೂ ಅದೇ. ಅನುಕೂಲಕ್ಕೆ ಸಿಕ್ಕವರನ್ನೇ ಕೇಳುವುದು ತಪ್ಪೇನಲ್ಲ, ಹಾಗೆ ಕೇಳಿದ್ದೇವೆ ಅಂತ ಬರೆಯಲಿ, ‘ಬೆಂಗಳೂರಿನ ವ್ಯಾಪಾರಿಗಳು ಹೀಗೆ’ ಅಂತ ಹೆಡ್ಡಿಂಗ್ ಕೊಡದಿರಲಿ.

ಇನ್ನು ಭಾಷೆ. ಒಂದರಿಂದ ಐದರ ಆ ಪಟ್ಟಿಯ ಮೂಲ ಲೈಕರ್ಟ್ ಅನ್ನುವ ಅಮೆರಿಕದವರು 1932ರಲ್ಲಿ ತಂದ ಅಳತೆ. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಎರಡೂ ಅಲ್ಲ, ಹೀಗೆ. ನಮ್ಮ ಬೀದಿಯಲ್ಲಿ ಇದಕ್ಕೆಲ್ಲ ಒಂದೇ ಉತ್ತರ: ಪರವಾಗಿಲ್ಲ. ಎದುರಿನ ಹೂವಿನವರನ್ನು ವ್ಯಾಪಾರ ಹೇಗಿದೆ ಅಂದರೆ ವರಮಹಾಲಕ್ಷ್ಮಿ ಹಬ್ಬದ ದಿನ ಬುಟ್ಟಿ ಖಾಲಿ ಮಾಡಿ ‘ಪರವಾಗಿಲ್ಲಮ್ಮ’ ಅನ್ನುತ್ತಾರೆ, ಆಷಾಢದಲ್ಲಿ ಹೂವು ಬಾಡಿ ಹೋದ ದಿನವೂ ‘ಪರವಾಗಿಲ್ಲಮ್ಮ’. ರಾಗ ಬೇರೆ, ಅಷ್ಟೇ. ಮೊದಲನೆಯದಕ್ಕೆ ಐದು ಹಾಕಬೇಕು, ಎರಡನೆಯದಕ್ಕೆ ಎರಡು ಹಾಕಿದರೂ ಜಾಸ್ತಿ. ಫಾರ್ಮ್ ಹಿಡಿದವರು ಎರಡಕ್ಕೂ ಮೂರು ಹಾಕಿಕೊಂಡು ಹೋಗುತ್ತಾರೆ. ಆ ನಂಬರ್‌ಗಳನ್ನು ಲೆಕ್ಕ ಹಾಕುವ ಎಸ್‌ಪಿಎಸ್‌ಎಸ್ ಅನ್ನುವ ಸಾಫ್ಟ್‌ವೇರ್‌ಗೆ ರಾಗ ಕೇಳಿಸುತ್ತಾ?

ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದು, ಬೇರೊಬ್ಬರ ಕೈಲಿ ಅದನ್ನು ವಾಪಸ್ ಇಂಗ್ಲಿಷಿಗೆ ಮಾಡಿಸಿ, ಮೊದಲಿನ ಇಂಗ್ಲಿಷಿನ ಪಕ್ಕ ಇಟ್ಟು ಅರ್ಥ ಬದಲಾಗಿದೆಯಾ ಅಂತ ನೋಡುವ ಕ್ರಮವೇ ಇದೆ. ಒಂದು ದಿನದ ಕೆಲಸ. ಯಾವ ಗೈಡೂ ಇದನ್ನು ಮಾಡಿಸಿದ್ದನ್ನು ನಾನು ಕಂಡಿಲ್ಲ.

ನಮ್ಮ ಏರಿಯಾದಲ್ಲೇ ಐಸೆಕ್ ಇದೆ, ಸಮಾಜ ಮತ್ತು ಆರ್ಥಿಕತೆಯ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆ. 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ್ದು, ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅಲ್ಲಿಗೆ ಬಂದು ಕೆಲಸ ಮಾಡಿದ್ದರು. 1948ರಲ್ಲಿ ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಜೋಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋದವು. ಆಮೇಲೆ ನೆನಪಿನಿಂದಲೇ ಆ ಹಳ್ಳಿಯ ಪುಸ್ತಕ ಬರೆದರು. ಅಷ್ಟು ಹತ್ತಿರದಿಂದ ನೋಡಿದ್ದಕ್ಕೇ ಅದು ಸಾಧ್ಯವಾಯಿತು ಅಂತ ನನಗನಿಸುತ್ತದೆ. ಮೊನ್ನೆಯ ಹುಡುಗಿಯ ಮೊಬೈಲ್ ಕಳೆದುಹೋದರೆ ನಮ್ಮ ಅಂಗಡಿಯ ಬಾಗಿಲು ಯಾವ ಕಡೆಗಿದೆ ಅಂತಲೂ ಅವಳಿಗೆ ನೆನಪಿರಲಿಕ್ಕಿಲ್ಲ. ಎಂಬಿಎ ಮಕ್ಕಳು ವರ್ಷಗಟ್ಟಲೆ ಹಳ್ಳಿಯಲ್ಲಿ ಕೂರಲಿ ಅಂತ ನಾನು ಹೇಳುತ್ತಿಲ್ಲ, ಫೀಸು ಕಟ್ಟಿದ ಅಪ್ಪ ಅಮ್ಮ ಓಡಿಸಿಕೊಂಡು ಬಂದಾರು!

ಕಾಲೇಜುಗಳಿಗೆ ಒಂದು ಮನವಿ. ಫಾರ್ಮ್ ಮಾಡುವ ಮುಂಚೆ ಮೂರು ದಿನ ಮಕ್ಕಳನ್ನು ಖಾಲಿ ಕೈಯಲ್ಲಿ ಅಂಗಡಿಗೋ ಆಟೋ ಸ್ಟ್ಯಾಂಡಿಗೋ ಕಳಿಸಿ, ನೋಡಿದ್ದನ್ನು ಬರೆಸಿ, ಅದಕ್ಕೆ ಮಾರ್ಕ್ಸ್ ಇಡಿ. ನೂರರ ಬದಲು ಮೂವತ್ತೇ ಜನ ಆದರೂ ನಿಜವಾಗಿ ಕೇಳಿದ್ದಾದರೆ ಒಪ್ಪಿಕೊಳ್ಳಿ, ಆಗ ಯಾರೂ ಎರಡು ಪೆನ್ನು ಹಿಡಿಯಬೇಕಾಗಿಲ್ಲ. ನಮ್ಮ ಅಂಗಡಿಗೂ ಬರಲಿ, ಸ್ಟೂಲ್ ಹಾಕಿ ಕಾಫಿ ಕೊಡುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಿಡುವು. ಸಂಜೆ ಏಳಕ್ಕೆ ಮಾತ್ರ ಬೇಡ.

– ಒಬ್ಬ ದಿನಸಿ ಅಂಗಡಿಯವಳು, ನಾಗರಬಾವಿ, ಬೆಂಗಳೂರು