ಓಟು ಹಾಕಿದವರಿಗೆ, ಹಾಕದೆ ಚೀಟಿ ತಂದವರಿಗೆ

ನಮ್ಮ ತಾಲೂಕಿನ ಎಲ್ಲರಿಗೂ ನಮಸ್ಕಾರ.

ಚುನಾವಣೆ ನನಗೆ ಸಾಕು ಎಂದು ಹೋದ ಭಾನುವಾರ ಜಗಲಿಯಲ್ಲಿ ಕೂತು ನಾಲ್ಕು ಜನರ ಎದುರು ಹೇಳಿದೆ. ಸಂಜೆಯಷ್ಟರಲ್ಲಿ ಡಾಕ್ಟ್ರಿಗೆ ಹಾರ್ಟ್ ಅಟ್ಯಾಕ್ ಅಂತೆ ಎಂದು ಪೇಟೆ ತುಂಬ ಸುದ್ದಿ. ಹಾಗೇನೂ ಆಗಿಲ್ಲ. ಬಿಪಿ ತುಸು ಜಾಸ್ತಿ, ಎರಡೂ ಮಂಡಿ ನೋವು, ವಯಸ್ಸು ಅರವತ್ತೆಂಟು, ಅಷ್ಟೇ. 2021ರಲ್ಲಿ ಜಿಲ್ಲಾ ಪಂಚಾಯಿತಿಯ ನಮ್ಮ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾಯುತ್ತ ಕೂರುವುದೂ ಒಂದು ಕಾಯಿಲೆಯೇ. ಇನ್ನು ಬಂದರೂ ನಿಲ್ಲುವುದಿಲ್ಲ. ಎದ್ದು ಹೋಗುವ ಮೊದಲು ಋಣ ಒಪ್ಪಿಕೊಳ್ಳಬೇಕಲ್ಲ, ಅದಕ್ಕೆ ಈ ಬರಹ.

ಸರ್ಕಾರಿ ಆಸ್ಪತ್ರೆಯಲ್ಲಿ ಹದಿನೇಳು ವರ್ಷ ಇದ್ದವನು ರಾಜಕೀಯಕ್ಕೆ ಯಾಕೆ ಬಂದೆ ಎಂದು ಎಷ್ಟೋ ಜನ ಕೇಳಿದ್ದೀರಿ. ವೇದಿಕೆಯ ಮೇಲೆ ನಾನು ಕೊಟ್ಟ ಉತ್ತರಗಳನ್ನೆಲ್ಲ ಮರೆತುಬಿಡಿ. ನಡೆದದ್ದು ಇಷ್ಟು. 2004ರ ಮಳೆಗಾಲದಲ್ಲಿ ಕಂಬಳಿ ಜೋಲಿಯಲ್ಲಿ ಒಬ್ಬ ಬಾಣಂತಿಯನ್ನು ಹೊತ್ತು ತಂದರು. ಮನೆಯಲ್ಲೇ ಹೆರಿಗೆಯಾಗಿ ಮಾಸು ಒಳಗೇ ಉಳಿದಿತ್ತು. ಹಳ್ಳ ತುಂಬಿ ಹರಿಯುತ್ತಿತ್ತು, ಆಚೆ ದಡದಲ್ಲೇ ಮೂರು ತಾಸು ಕಾದಿದ್ದರು. ನನ್ನ ಕೈಗೆ ಬಂದಾಗ ನಾಡಿ ಸಿಗುತ್ತಿರಲಿಲ್ಲ. ಸಾವಿನ ಕಾರಣ ಬರೆಯುವಲ್ಲಿ ‘ಹೆರಿಗೆ ನಂತರದ ರಕ್ತಸ್ರಾವ’ ಎಂದು ಬರೆದೆ. ಹಳ್ಳ ಎಂದು ಬರೆಯಲು ಆ ಫಾರಂನಲ್ಲಿ ಜಾಗವಿರಲಿಲ್ಲ.

ಸರ್ಕಾರಿ ನೌಕರ ಚುನಾವಣೆಗೆ ನಿಲ್ಲುವಂತಿಲ್ಲ. ರಾಜೀನಾಮೆ ಬಿಸಾಡಿ ಬಂದರೆ ಸಾಲದು, ಅದು ಅಂಗೀಕಾರವೂ ಆಗಬೇಕು. ನಾಮಪತ್ರದ ದಿನಕ್ಕೆ ಸರಿಯಾಗಿ ಆ ಆದೇಶ ಕೈಗೆ ಬರುವಂತೆ ಕಡತದ ಹಿಂದೆ ಓಡಾಡಿದ ಗುಮಾಸ್ತರೊಬ್ಬರಿದ್ದರು. ಒಂದು ಕಾಫಿಯನ್ನೂ ಕುಡಿಯಲಿಲ್ಲ. ಅವರಿಗೆ ಮೊದಲ ನಮಸ್ಕಾರ. ಎರಡನೆಯದು ನಮ್ಮ ಆಸ್ಪತ್ರೆಯ ಕಾಂಪೌಂಡರ್‌ಗೆ. ಬೀಳ್ಕೊಡುವಾಗ, ‘ಸಾರ್, ಇಲ್ಲಿ ಕುಡಿದು ಬಂದವನೂ ಕೊನೆಗೆ ನಿಮ್ಮ ಹತ್ರ ನಿಜ ಹೇಳ್ತಾನೆ. ಅಲ್ಲಿ ಹೇಳೋರು ಸಿಗಲ್ಲ’ ಅಂದಿದ್ದರು. ಆಗ ನಕ್ಕಿದ್ದೆ.

2005ರಲ್ಲಿ ಜಿಲ್ಲಾ ಪಂಚಾಯಿತಿಗೆ ಗೆದ್ದೆ. ಮೊದಲ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಹದಿನೈದು ನಿಮಿಷ ಮಾತಾಡಿದೆ. ಒಬ್ಬರೂ ತಡೆಯಲಿಲ್ಲ, ಒಬ್ಬರೂ ಕೇಳಲಿಲ್ಲ ಎಂಬುದು ಆಮೇಲೆ ತಿಳಿಯಿತು. ಊಟದ ಹೊತ್ತಿಗೆ ಎದುರು ಪಕ್ಷದ ಹಿರಿಯ ಸದಸ್ಯರೊಬ್ಬರು ಪಕ್ಕಕ್ಕೆ ಕರೆದು, ‘ಡಾಕ್ಟ್ರೇ, ಇಲ್ಲಿ ರೋಗ ವರ್ಣಿಸಬೇಡಿ, ಚೀಟಿ ಬರೀರಿ. ಯಾವ ಊರು, ಯಾವ ಕೆಲಸ, ಯಾವ ಲೆಕ್ಕ ಶೀರ್ಷಿಕೆ (ದುಡ್ಡು ಬರುವ ಬಾಬತ್ತು), ಎಷ್ಟು ದುಡ್ಡು’ ಎಂದರು. ಕ್ರಿಯಾ ಯೋಜನೆಗೆ ಹೆಸರು ಸೇರಿಸುವುದು ಹೇಗೆ, ಎಂಜಿನಿಯರ್ ಅಂದಾಜು ಪಟ್ಟಿ ಮಾಡಿಕೊಡುವವರೆಗೆ ಅವರ ಬೆನ್ನು ಬಿಡದಿರುವುದು ಹೇಗೆ, ಇಲಾಖೆಗಳ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ‘ಪ್ರಗತಿಯಲ್ಲಿದೆ’ ಎಂದರೆ ಅರ್ಥವೇನು, ಎಲ್ಲವನ್ನೂ ಆ ಮನುಷ್ಯ ಕಲಿಸಿಕೊಟ್ಟರು. ಚುನಾವಣೆ ಬಂದಾಗ ನನ್ನ ವಿರುದ್ಧವೇ ಊರೂರು ತಿರುಗಿದರು. ಈಗ ಅವರಿಲ್ಲ. ಆ ಹಳ್ಳಕ್ಕೆ ಸಂಕ, ಅಂದರೆ ಸೇತುವೆ, ಆಗಿದ್ದು ಅವರು ಕಲಿಸಿದ ಚೀಟಿಯಿಂದ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾದಾಗ ನಮ್ಮ ಸಂಕ ಸಿದ್ಧವಾಗಿತ್ತು. ಆ ಹೆಮ್ಮೆಯನ್ನು ಮಾತ್ರ ಬಿಟ್ಟುಕೊಡಲಾರೆ.

ಎಲ್ಲವೂ ಹಾಗೆ ಆಗಲಿಲ್ಲ. ಬಯಲಿನಲ್ಲಿ 30 ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಗುಡ್ಡಗಾಡಿಗೆ 20 ಸಾವಿರಕ್ಕೊಂದು ಎಂಬ ರಿಯಾಯಿತಿ ಇದೆ. ಆದರೆ ತೋಟಕ್ಕೊಂದು ಒಂಟಿ ಮನೆ ಇರುವ ನಮ್ಮ ಕಡೆ 20 ಸಾವಿರ ಜನರನ್ನು ಎಣಿಸುವಷ್ಟರಲ್ಲಿ ಅರ್ಧ ತಾಲೂಕು ಮುಗಿದಿರುತ್ತದೆ. ಘಟ್ಟದಂಚಿನ ಊರುಗಳಿಗೆ ಆಸ್ಪತ್ರೆ ತರುತ್ತೇನೆಂದು ಎರಡು ಸಲ ಮಾತು ಕೊಟ್ಟೆ. ತರಲಾಗಲಿಲ್ಲ. ಅಲ್ಲಿಯ ಜನ ಒಮ್ಮೆಯೂ ಎದುರಿಗೆ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

2010ರಲ್ಲಿ ಮೀಸಲಾತಿ ಬದಲಾಗಿ ಕ್ಷೇತ್ರ ಮಹಿಳೆಯರಿಗೆ ಹೋಯಿತು. 2013ರಲ್ಲಿ ಹುಮ್ಮಸ್ಸಿನಿಂದ ವಿಧಾನಸಭೆಗೆ ಪಕ್ಷೇತರನಾಗಿ ನಿಂತು, ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗವೂ ಸಿಗದೆ ಹತ್ತು ಸಾವಿರ ರೂಪಾಯಿ ಠೇವಣಿ ಕಳೆದುಕೊಂಡೆ. ಮಾರನೆ ದಿನ ಮುಖ ತೋರಿಸುವುದು ಹೇಗೆಂದು ತಡವಾಗಿ ಬಾಗಿಲು ತೆಗೆದರೆ ಕ್ಲಿನಿಕ್ ತುಂಬ ಜನ. ಲೆಕ್ಕ ಹಾಕಿದೆ: ಅಷ್ಟೂ ಜನ ಓಟು ಹಾಕಿದ್ದರೆ ಠೇವಣಿ ಉಳಿಯುತ್ತಿತ್ತೇನೋ. ಹಳೇ ರೋಗಿಯೊಬ್ಬರು ತೋಳು ಮಡಚಿ ಕೂತವರು, ‘ನೀವು ಎಂಎಲ್ಎ ಆಗಿ ಬೆಂಗ್ಳೂರಲ್ಲಿ ಕೂತ್ರೆ ನಮ್ಗೆ ಇಂಜೆಕ್ಷನ್ ಯಾರ್ ಕೊಡ್ತಾರೆ ಮಾರಾಯ್ರೇ? ಅದಕ್ಕೇ ಹಾಕ್ಲಿಲ್ಲ’ ಎಂದರು. ಅಷ್ಟು ನಿಜ ಹೇಳಿದ್ದು ನೋಡಿ ಕಾಂಪೌಂಡರ್ ನೆನಪಾದರು. ಆ ದಿನ ಬಂದ ಒಬ್ಬೊಬ್ಬರಿಗೂ ನಾನು ಋಣಿ. 2024ರಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಲ್ಲಿದ್ದ ಡಾ. ಸಿ.ಎನ್. ಮಂಜುನಾಥ್ ಬೆಂಗಳೂರು ಗ್ರಾಮಾಂತರದಿಂದ ಲೋಕಸಭೆಗೆ ಗೆದ್ದಾಗ ‘ನೋಡಿ, ಡಾಕ್ಟ್ರು ಗೆಲ್ತಾರೆ’ ಎಂದು ನನ್ನನ್ನು ಹುರಿದುಂಬಿಸಲು ಬಂದ ಗೆಳೆಯರಿಗೆ ಹೇಳಿದ್ದು ಈ ಇಂಜೆಕ್ಷನ್ ಕತೆಯನ್ನೇ.

2016ರಲ್ಲಿ ಮತ್ತೆ ಜಿಲ್ಲಾ ಪಂಚಾಯಿತಿಗೆ ಕಳಿಸಿದಿರಿ. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಜೋರಾದಾಗ ನಮ್ಮ ಕಡೆಗೂ ನಿದ್ದೆಯಿಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ರೋಗ, ಇಷ್ಟು ವರ್ಷವಾದರೂ ಅದಕ್ಕೆಂದೇ ಒಂದು ಔಷಧವಿಲ್ಲ. ಸತ್ತ ಮಂಗ ಕಂಡರೆ ತಿಳಿಸಿ, ದರಗು (ಒಣಗಿದ ಎಲೆ) ತರಲು ಹೋಗುವಾಗ ಕೈಕಾಲಿಗೆ ಹುಳ ಓಡಿಸುವ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಿ, ರೋಗ ಹರಡುವ ಉಣುಗು (ಉಣ್ಣೆ ಹುಳ) ಕಚ್ಚದಂತೆ ನೋಡಿಕೊಳ್ಳಿ ಎಂದು ನಾನು ಮೈಕಿನಲ್ಲಿ ಹೇಳಿದೆ. ಎಣ್ಣೆ ಬಾಟಲಿ ಹೊತ್ತು ಗುಡ್ಡ ಹತ್ತಿದವರು ಆಶಾ ಕಾರ್ಯಕರ್ತೆಯರು. ಲಸಿಕೆಯ ಉರಿಗೆ ಹೆದರಿ ಕೊಟ್ಟಿಗೆ ಹಿಂದೆ ಅಡಗಿದವರನ್ನು ಹೆಸರು ಹಿಡಿದು ಕರೆತಂದವರೂ ಅವರೇ. ಪತ್ರಿಕೆಯಲ್ಲಿ ಫೋಟೊ ಬಂದದ್ದು ನನ್ನದು. ತಾಯಂದಿರೇ, ಆ ಫೋಟೊ ನಿಮಗೆ ಸೇರಬೇಕಾದ್ದು.

ಒಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾರ್ಯಕರ್ತರ ಮಾತು ಕೇಳಿ ಒಬ್ಬ ನರ್ಸಮ್ಮನ ವರ್ಗಾವಣೆಗೆ ಶಿಫಾರಸು ಪತ್ರ ಕೊಟ್ಟೆ. ಅವರು ಮಾಡಿದ್ದಿಷ್ಟೇ: ಸರತಿ ತಪ್ಪಿಸಿ ಒಳಗೆ ನುಗ್ಗಿದ ನಮ್ಮವನೊಬ್ಬನನ್ನು ಹೊರಗೆ ನಿಲ್ಲಿಸಿದ್ದು. ಡಾಕ್ಟರಾಗಿದ್ದಾಗ ಅದನ್ನೇ ಮಾಡಿದ್ದಕ್ಕೆ ನಾನು ಎಷ್ಟು ಜನರ ಬೆನ್ನು ತಟ್ಟಿದ್ದೇನೋ! ಅವರು ನಿವೃತ್ತರಾದ ನಂತರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ‘ಅಲ್ಲೂ ಹೆರಿಗೆಗಳಿದ್ವು ಸಾರ್’ ಎಂದು ಚಹಾ ಕೊಟ್ಟರು. ಕ್ಷಮಿಸಿದೆ ಎನ್ನಲಿಲ್ಲ. ಚಹಾಕ್ಕೆ ಧನ್ಯವಾದ ಮೇಡಂ.

ನನ್ನ ಮನೆಯಾಕೆ ಮೊದಲ ದಿನವೇ ಒಂದು ಗೆರೆ ಎಳೆದಿದ್ದಳು: ಜಗಲಿ ರಾಜಕೀಯದವರಿಗೆ, ಒಳಕೋಣೆ ರೋಗಿಗಳಿಗೆ. ಅರ್ಜಿ ಹಿಡಿದವರು ಒಳಗೆ ಬರುವಂತಿಲ್ಲ. ಮಂತ್ರಿಗಳೊಬ್ಬರು ಬಂದಾಗಲೂ ಪಕ್ಕದಲ್ಲಿ ಜ್ವರದ ಮಗುವಿದೆ ಎಂದು ಜಗಲಿಯಲ್ಲೇ ಕೂರಿಸಿದ್ದಳು. ಅವತ್ತು ನನಗೆ ಸಿಟ್ಟು ಬಂದಿತ್ತು. ಈಗ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ.

ಜಗಲಿಯ ಬೆಂಚನ್ನು ನಾಳೆ ಒಳಗೆ ಹಾಕಿಸುತ್ತಿದ್ದೇನೆ. ಶಿಫಾರಸು ಪತ್ರಕ್ಕೆ ಬರಬೇಡಿ, ಲೆಟರ್‌ಹೆಡ್ ಒಲೆಗೆ ಹೋಯಿತು. ಬಿಪಿ, ಶುಗರ್ ಇದ್ದವರು ಬನ್ನಿ. ಹಳೇ ಚೀಟಿ ತರುವುದನ್ನು ಮರೆಯಬೇಡಿ.