ಕಾಲೇಜು ಮೇಷ್ಟ್ರಿಗೂ ತರಬೇತಿ ಬೇಕು

ಮಾನ್ಯ ಸಂಪಾದಕರೇ,

ಶಾಲೆಯಲ್ಲಿ ಪಾಠ ಮಾಡಲು ಡಿ.ಎಡ್., ಬಿ.ಎಡ್. ಬೇಕು. ಪದವಿ ಕಾಲೇಜಿಗೆ ಎಂ.ಎ., ಎಂ.ಎಸ್ಸಿ. ಜೊತೆ ನೆಟ್, ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಗಳಲ್ಲಿ ಒಂದು ಅಥವಾ ಪಿಎಚ್.ಡಿ. ಇದ್ದರಾಯಿತು. ವಿಷಯ ಗೊತ್ತಿದ್ದವರಿಗೆಲ್ಲ ಕಲಿಸಲು ಬರುತ್ತದೆ ಅಂತ ಸುಮ್ನೆ ನಂಬಿಕೊಂಡಿದ್ದೇವೆ.

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ರಾಯಚೂರಿಗೆ ಬಂದು ಬಿ.ಎಸ್ಸಿ. ಸೇರುತ್ತಾರೆ. ಇಂಗ್ಲಿಷ್ ನೋಟ್ಸ್ ಬರೆಸಿದರೆ ಬರೆದುಕೊಳ್ಳುತ್ತಾರೆ. ಅರ್ಥವಾಗದಿದ್ದರೂ ಎದ್ದು ಕೇಳಲು ಹೆದರುತ್ತಾರೆ. ಅವರನ್ನು ಮಾತಾಡಿಸುವುದು ಹೇಗೆ? ಕಣ್ಣು ಕಾಣದ ವಿದ್ಯಾರ್ಥಿ ಇದ್ದರೆ ಬೋರ್ಡಿನ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳಬೇಕು. ಇದೆಲ್ಲ ಯಾರಾದರೂ ಹೇಳಿಕೊಟ್ಟರೆ ತಾನೇ ಹೊಳೆಯುವುದು?

ಕೇಂದ್ರ ಸರ್ಕಾರ 2023ರಲ್ಲಿ ಮಾಳವೀಯ ಮಿಷನ್ ಹೆಸರಿನಲ್ಲಿ ಅಧ್ಯಾಪಕರ ತರಬೇತಿ ಶುರು ಮಾಡಿದೆ. ಒಳ್ಳೆಯದೇ. ಆದರೆ ಆನ್‌ಲೈನ್ ಉಪನ್ಯಾಸ ಕೇಳಿದರಷ್ಟೇ ಸಾಲದು. ಅನುಭವಿ ಅಧ್ಯಾಪಕರು ಹೊಸಬರ ತರಗತಿಯಲ್ಲಿ ಕೂತು ನೋಡಬೇಕು, ಆಮೇಲೆ ಪ್ರೀತಿಯಿಂದ ಚರ್ಚಿಸಬೇಕು. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತಿರುವ ಅತಿಥಿ ಉಪನ್ಯಾಸಕರನ್ನಂತೂ ಬಿಡಲೇಬಾರದು; ತರಬೇತಿಯ ದಿನಗಳಿಗೂ ಅವರಿಗೆ ಗೌರವಧನ ಸಿಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳ ಜೊತೆಗೆ ಇದಕ್ಕೂ ಹಣ ಇಡಲಿ.

– ಪದವಿ ವಿದ್ಯಾರ್ಥಿನಿಯ ತಂದೆ, ರಾಯಚೂರು