ಕುಣಿತ ನಿಂತಿದೆ, ಅಜ್ಜಿ ಇನ್ನೂ ನಮ್ಮ ಜೊತೆ ಇದ್ದಾಳೆ

ಆತ್ಮೀಯರೇ,

ನಲವತ್ತು ದಾಟಿದವರಿಗೆ ಕರಡಿ ಆಡಿಸುವವರ ಡಮರುಗ ನೆನಪಿರುತ್ತದೆ. ಆ ಸದ್ದು ಬಂದರೆ ಸಾಕು, ಬೀದಿಯ ಮಕ್ಕಳೆಲ್ಲ ಹೊರಗೆ ಓಡುತ್ತಿದ್ದೆವು. ಕರಡಿ ಎರಡು ಕಾಲ ಮೇಲೆ ನಿಂತು ಕುಣಿಯುತ್ತಿತ್ತು. ಹೆದರಿಕೆ ಬಿಡಲಿ ಅಂತ ದೊಡ್ಡವರು ಮಗುವನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ಅದರ ಕೂದಲು ಹಾಕಿದ ತಾಯತವನ್ನೂ ಕಟ್ಟಿಸುತ್ತಿದ್ದರು. ಈ ಪತ್ರ ಓದುತ್ತಿರುವ ಎಷ್ಟೋ ಜನ ಆ ಬೆನ್ನ ಮೇಲೆ ಕೂತವರೇ ಇರಬಹುದು.

ಹಾಗೆ ಬೀದಿ ಬೀದಿ ಕುಣಿದ ಒಂದು ಹೆಣ್ಣು ಕರಡಿ ಈಗ ನಮ್ಮ ಟ್ರಸ್ಟಿನ ಆಸರೆಯಲ್ಲಿದೆ. ವಯಸ್ಸು ಇಪ್ಪತ್ತು ದಾಟಿದೆ. ನೋಡಿಕೊಳ್ಳುವ ಹುಡುಗರು ಅವಳನ್ನು ಅಜ್ಜಿ ಅಂತಲೇ ಕರೆಯುತ್ತಾರೆ. ಇವತ್ತು ನಾವು ಕೈ ಚಾಚುತ್ತಿರುವುದು ಅವಳಿಗಾಗಿ.

ಕರಡಿಗೆ ಕುಣಿಯುವುದನ್ನು ಹೇಗೆ ಕಲಿಸುತ್ತಿದ್ದರು ಅನ್ನೋದನ್ನು ಮುಚ್ಚಿಡದೆ ಹೇಳಬೇಕು. ಕಾಡಿನಲ್ಲಿ ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಎಷ್ಟೋ ಸಲ ಆ ತಾಯಿಯನ್ನು ಕೊಂದೇ ಮರಿಯನ್ನು ಹಿಡಿದು ತರುತ್ತಿದ್ದರು. ಮರಿ ಇನ್ನೂ ಚಿಕ್ಕದಿರುವಾಗಲೇ ಕಾಯಿಸಿದ ದಬ್ಬಳದಿಂದ ಅದರ ಮೂತಿಯನ್ನು ಚುಚ್ಚುತ್ತಿದ್ದರು. ಅರಿವಳಿಕೆ ಏನೂ ಇಲ್ಲ. ಆ ತೂತಿನಲ್ಲಿ ಹಗ್ಗ ಪೋಣಿಸುತ್ತಿದ್ದರು. ಕೋರೆಹಲ್ಲು ಮುರಿಯುತ್ತಿದ್ದರು, ಉಗುರು ಕತ್ತರಿಸುತ್ತಿದ್ದರು. ಹಗ್ಗ ಮೇಲಕ್ಕೆ ಜಗ್ಗಿದರೆ ನೋವು ತಾಳಲಾರದೆ ಕರಡಿ ಎದ್ದು ನಿಲ್ಲುತ್ತಿತ್ತು. ನಾವು ಚಪ್ಪಾಳೆ ತಟ್ಟಿದ್ದು ಅದಕ್ಕೆ. ಜಾಂಬವಂತನ ಕುಲ ಅಂತ ಕೈ ಮುಗಿಯುವ ನಾವೇ, ಅಲ್ವಾ?

ಕರಡಿ ಆಡಿಸುತ್ತಿದ್ದ ಖಲಂದರ್ ಸಮುದಾಯದವರನ್ನು ಬೈಯಲು ಮನಸ್ಸು ಬರುವುದಿಲ್ಲ. ಅಪ್ಪನಿಂದ ಮಗನಿಗೆ ಬಂದ ಕಸುಬು ಅದು. ಮನೆಯಲ್ಲಿ ಬೇರೆ ಗಳಿಕೆ ಇರಲಿಲ್ಲ. ಬದುಕಲು ಬೇರೆ ದಾರಿ ಸಿಕ್ಕಾಗ ಅವರಲ್ಲಿ ನೂರಾರು ಜನ ತಾವೇ ಮುಂದೆ ಬಂದು ಕರಡಿಗಳನ್ನು ಒಪ್ಪಿಸಿದರು. ಆಟೋ, ಸಣ್ಣ ಅಂಗಡಿ ಇಟ್ಟುಕೊಂಡರು, ಮಕ್ಕಳನ್ನು ಶಾಲೆಗೆ ಕಳಿಸಿದರು.

ಕಾನೂನು ಮೊದಲೇ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕರಡಿಗೆ ರಕ್ಷಣೆ ಕೊಡುತ್ತದೆ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಆಟ ಆಡಿಸುವುದನ್ನು ನಿಷೇಧಿಸಿತು. ಆದರೂ ಬೀದಿಯಲ್ಲಿ ಕುಣಿತ ನಿಲ್ಲಲು ವರ್ಷಗಳೇ ಹಿಡಿದವು. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಆರು ನೂರಕ್ಕೂ ಹೆಚ್ಚು ಕರಡಿಗಳನ್ನು ಬಿಡಿಸಿತು. ಕೊನೆಯದಾಗಿ ಒಪ್ಪಿಸಿದ ಕರಡಿಯ ಹೆಸರು ರಾಜು. 2009ರ ಡಿಸೆಂಬರಿನಲ್ಲಿ, ನಮ್ಮ ಬನ್ನೇರುಘಟ್ಟದಲ್ಲಿ ಅದರ ಮೂಗಿನ ಹಗ್ಗ ಬಿಚ್ಚಿದರು.

ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಹಗ್ಗ ಬಿಚ್ಚುವ ದಿನ ಪತ್ರಿಕೆಯವರು ಬರುತ್ತಾರೆ, ದೇಣಿಗೆಯೂ ಬರುತ್ತದೆ. ಆಮೇಲಿನ ಹದಿನೈದು, ಇಪ್ಪತ್ತು ವರ್ಷ ಗಂಜಿ ಬೇಯಿಸುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾಡಿಗೆ ಬಿಡಬಾರದೇ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಕಾಡಿನ ಕರಡಿ ಉದ್ದ ಉಗುರಿನಿಂದ ಹುತ್ತ ಬಗೆದು, ತುಟಿ ಮುಂದೆ ಚಾಚಿ, ಗೆದ್ದಲನ್ನು ಒಳಗೆ ಎಳೆದುಕೊಳ್ಳುತ್ತದೆ. ಇದನ್ನೆಲ್ಲ ಮರಿ ತಾಯಿಯ ಜೊತೆ ಅಲೆದು ಕಲಿಯಬೇಕು. ಅಜ್ಜಿಗೆ ತಾಯಿಯೇ ಇರಲಿಲ್ಲ. ಮನುಷ್ಯನ ಕೈಯಿಂದ ತಿಂದೇ ಬೆಳೆದವಳು. ಕಾಡಿನಿಂದ ಅವಳು ಸೀದಾ ಊರಿಗೇ ಬರುತ್ತಾಳೆ, ಊರಿನವರು ಕಲ್ಲು ಎತ್ತಿಕೊಳ್ಳುತ್ತಾರೆ.

ಅವಳಿಗೆ ಒಂದು ಕಣ್ಣು ಪೂರ್ತಿ ಮಂಜಾಗಿದೆ. ಹಲ್ಲಿಲ್ಲ, ಹಾಗಾಗಿ ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ, ಬಾಳೆಹಣ್ಣು ಕಿವುಚಿ ಹಾಕುತ್ತೇವೆ. ಕೀಲುನೋವಿನ ಮಾತ್ರೆಯನ್ನು ಜೇನಿನಲ್ಲಿ ಮುಚ್ಚಿ ಕೊಡಬೇಕು. ಜೇನು ಕಡಿಮೆ ಆದರೆ ಮಾತ್ರೆ ಮಾತ್ರ ತಟ್ಟೆಯಲ್ಲೇ ಉಳಿಯುತ್ತದೆ!

ಇದೆಲ್ಲ ಹೇಗೋ ನಡೆಯುತ್ತಿದೆ. ನಡೆಯದೇ ಇರುವುದು ಒಂದಿದೆ. ಅಜ್ಜಿ ಮಲಗುವ ಗೂಡು ರಸ್ತೆಯ ಪಕ್ಕದಲ್ಲಿದೆ. ಜಾತ್ರೆ, ಮದುವೆ ದಿಬ್ಬಣ ಎಲ್ಲ ಅದೇ ದಾರಿಯಲ್ಲಿ ಹೋಗುತ್ತವೆ. ತಮಟೆ ಸದ್ದು ಕಿವಿಗೆ ಬಿದ್ದರೆ ಅವಳು ಏಳುತ್ತಾಳೆ. ಎಷ್ಟು ಹೊತ್ತಾಗಿರಲಿ, ಮೊಣಕಾಲು ಎಷ್ಟು ನೋಯುತ್ತಿರಲಿ, ಹಿಂಗಾಲ ಮೇಲೆ ನಿಂತು ತೂಗಲು ಶುರು ಮಾಡುತ್ತಾಳೆ. ಹಗ್ಗ ಇಲ್ಲ, ಹಿಡಿಯುವವರೂ ಇಲ್ಲ. ಸದ್ದು ದೂರ ಹೋಗುವವರೆಗೂ ನಿಲ್ಲಿಸುವುದಿಲ್ಲ. ರಾತ್ರಿ ಪಾಳಿಯ ಹುಡುಗ ಒಮ್ಮೆ ಇದನ್ನು ನೋಡಲಾಗದೆ ಓಡಿ ಹೋಗಿ ದಿಬ್ಬಣದವರಿಗೆ ಕೈ ಮುಗಿದ. ಪಾಪ, ಅವರು ನಿಲ್ಲಿಸಿದರು. ಆದರೆ ಊರಿನ ಹಬ್ಬವನ್ನೆಲ್ಲ ನಿಲ್ಲಿಸಿ ಅಂತ ಕೇಳುವುದು ನ್ಯಾಯವಲ್ಲ.

ಅದಕ್ಕೇ ಜಾಗದ ಹಿಂಭಾಗದಲ್ಲಿ, ಮರಗಳ ಆಚೆ, ಹೊಸ ಗೂಡು ಕಟ್ಟಬೇಕು ಅಂತಿದ್ದೇವೆ. ದಪ್ಪ ಗೋಡೆ, ಕೀಲಿಗೆ ಥಂಡಿ ತಾಗದಂತೆ ನೆಲಕ್ಕೆ ಮರದ ಹಲಗೆ, ಮೆಟ್ಟಿಲ ಬದಲು ಇಳಿಜಾರು. ರಸ್ತೆಯ ಕಡೆಗೆ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಬಿದಿರು. ಕೆಲಸದ ಅಂದಾಜು ಪಟ್ಟಿ ನಮ್ಮ ಕಚೇರಿಯಲ್ಲಿದೆ. ಯಾರು ಬೇಕಾದರೂ ಬಂದು ನೋಡಬಹುದು, ಲೆಕ್ಕ ಕೇಳಬಹುದು.

ಸಣ್ಣ ಮೊತ್ತ ಅಂತ ಹಿಂಜರಿಯಬೇಡಿ. ಒಂದು ಹಲಗೆಯ ದುಡ್ಡು ಕೊಟ್ಟರೂ ಅದು ಅವಳ ಮೈ ಕೆಳಗೇ ಇರುತ್ತದೆ. ಹಣ ಬೇಡ ಅನ್ನುವವರು ರಾಗಿ, ಬಾಳೆಹಣ್ಣು, ಅಪ್ಪಟ ಜೇನು ತಂದುಕೊಡಿ. ದಯವಿಟ್ಟು ಬಿಸ್ಕೆಟ್ ಬೇಡ. ಮಗುವಿನ ಹುಟ್ಟುಹಬ್ಬಕ್ಕೋ, ಹಿರಿಯರ ನೆನಪಿಗೋ ಒಂದು ದಿನದ ಗಂಜಿಯ ಹೊಣೆ ಹೊರಬಹುದು.

ನೋಡಲು ಬರುವವರು ಮಧ್ಯಾಹ್ನ ಅವಳು ಮಲಗಿರುವಾಗ ಕರೆಯಬೇಡಿ, ಸಂಜೆ ಗಂಜಿಯ ಹೊತ್ತಿಗೆ ಬನ್ನಿ. ಫೋನಿನ ಸದ್ದು ಆರಿಸಿರಿ. ರಸೀದಿ ಬರೆಸುವಾಗ ಯಾರ ಹೆಸರಿನಲ್ಲಿ ಅಂತ ಹೇಳಿ. ಆವತ್ತು ಅಡುಗೆ ಕೋಣೆಯ ಕಪ್ಪು ಹಲಗೆಯ ಮೇಲೆ ಅಜ್ಜಿಯ ಹೆಸರಿನ ಪಕ್ಕದಲ್ಲೇ ಆ ಹೆಸರು ಬರೆಯುತ್ತೇವೆ.